ಅವನು ಕ್ಲಫ್, ಅವರು ಕ್ಲಫ್

ಇಂಗ್ಲೆಂಡಿನ ಡರ್ಬಿ ಮತ್ತು ನಾಟಿಂಗ್‌ಹ್ಯಾಮ್ ಅಕ್ಕಪಕ್ಕದ ಊರುಗಳು. ಫುಟ್‌ಬಾಲ್ ವಿಷಯಕ್ಕೆ ಬಂದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೂ ಎರಡನ್ನೂ ಜೋಡಿಸುವ ಎ-52 ಹೆದ್ದಾರಿಗೆ 2005ರಲ್ಲಿ ಒಬ್ಬನೇ ಮ್ಯಾನೇಜರನ ಹೆಸರಿಟ್ಟರು: ಬ್ರಯಾನ್ ಕ್ಲಫ್ ವೇ. ಡರ್ಬಿಯವರಿಗೆ ಆತ 1972ರಲ್ಲಿ ಲೀಗ್ ಗೆಲ್ಲಿಸಿಕೊಟ್ಟವನು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರಿಗೆ 1979 ಮತ್ತು 1980ರಲ್ಲಿ ಸತತ ಎರಡು ಬಾರಿ ಯುರೋಪಿಯನ್ ಕಪ್ ತಂದುಕೊಟ್ಟವನು. ಇಬ್ಬರೂ ‘ನಮ್ಮವನು’ ಎಂದು ಜಗಳವಾಡುವ ಈ ಮನುಷ್ಯನನ್ನು 1974ರಲ್ಲಿ ಲೀಡ್ಸ್ ಯುನೈಟೆಡ್ 44 ದಿನಗಳಲ್ಲಿ ಮನೆಗೆ ಕಳಿಸಿತ್ತು.

ಆ 44 ದಿನಗಳನ್ನು ಕುರಿತು ಡೇವಿಡ್ ಪೀಸ್ 2006ರಲ್ಲಿ ಬರೆದ ಕಾದಂಬರಿ ‘ದಿ ಡ್ಯಾಮ್ಡ್ ಯುನೈಟೆಡ್’. ಫುಟ್‌ಬಾಲ್ ಬಗ್ಗೆ ಬಂದ ಕಾದಂಬರಿಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಅದು ಸಲ್ಲಬೇಕಾದ ಹೆಸರೇ. ಆದರೆ ಕ್ಲಫ್ ಬಗ್ಗೆ ಅಭಿಮಾನಿಗಳು ಇವತ್ತಿಗೂ ನಡೆಸುವ ವಾದ ಈ ಕಾದಂಬರಿಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ವಾದ ಸ್ಪಷ್ಟವಾಗಲೆಂದು ಮುಂದೆ ಕಾದಂಬರಿಯ ಕ್ಲಫ್‌ನನ್ನು ಏಕವಚನದಲ್ಲೂ ಬದುಕಿ ಹೋದ ಕ್ಲಫ್ ಅವರನ್ನು ಬಹುವಚನದಲ್ಲೂ ಕರೆಯುತ್ತೇನೆ.

ಮೊದಲು ಅವರು. ಮಿಡಲ್ಸ್‌ಬರೋ ಮತ್ತು ಸಂಡರ್‌ಲ್ಯಾಂಡ್ ತಂಡಗಳಿಗೆ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದ ಆಟಗಾರ ಅವರು. 1962ರ ಡಿಸೆಂಬರ್ 26ರಂದು ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಮೊಣಕಾಲು ಹೋಯಿತು. ಅಲ್ಲಿಗೆ ಆಟಗಾರನ ಬದುಕು ಹೆಚ್ಚುಕಡಿಮೆ ಮುಗಿಯಿತು. ಮೂವತ್ತು ತುಂಬಿದ ಹೊತ್ತಿಗೆ ಮ್ಯಾನೇಜರ್ ಆಗಿದ್ದರು. ಡರ್ಬಿಯಲ್ಲಿದ್ದಾಗ ಡಾನ್ ರೆವಿ ಅವರ ಲೀಡ್ಸ್ ತಂಡ ಮೋಸದ ಆಟ ಆಡುತ್ತದೆ ಎಂದು ಬಾಯಿಬಿಟ್ಟು ಹೇಳಿದರು. ರೆವಿ ಇಂಗ್ಲೆಂಡ್ ತಂಡಕ್ಕೆ ಹೋದಾಗ ಅದೇ ಲೀಡ್ಸ್‌ನ ಕುರ್ಚಿಯಲ್ಲಿ ಹೋಗಿ ಕುಳಿತರು. ಜೊತೆಗಾರ ಪೀಟರ್ ಟೇಲರ್ ಬರಲೊಪ್ಪದೆ ಬ್ರೈಟನ್‌ನಲ್ಲೇ ಉಳಿದರು. ಆರು ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಒಂದೇ.

ಪೀಸ್ ಇದನ್ನು ದಿನಚರಿಯಂತೆ, ಮೊದಲ ದಿನದಿಂದ ನಲವತ್ತನಾಲ್ಕನೇ ದಿನದವರೆಗೆ ಬರೆಯುತ್ತಾರೆ. ಚಿಕ್ಕ ವಾಕ್ಯಗಳು ಮತ್ತೆ ಮತ್ತೆ ಮರಳುತ್ತವೆ, ಸ್ಟೇಡಿಯಂನಲ್ಲಿ ಜನ ಕೂಗುವ ಘೋಷಣೆಗಳ ಹಾಗೆ. ಲೀಡ್ಸ್‌ನ ದಿನಗಳು ‘ನಾನು’ ಎಂದು ಬರುತ್ತವೆ, ಗಾಯದಿಂದ ಡರ್ಬಿಯವರೆಗಿನ ಹಿಂದಿನ ಕತೆ ‘ಯೂ’ ಎಂದು ಬರುತ್ತದೆ. ಈ ‘ಯೂ’ ಕನ್ನಡಕ್ಕೆ ತರುವವರಿಗೆ ಸವಾಲು. ತನ್ನೊಳಗೆ ತಾನು ಮಾತಾಡಿಕೊಳ್ಳುವ ಮನುಷ್ಯನ ಮಾತಾದರೆ ‘ನೀನು’ ಸಾಕು. ಆದರೆ ಅದು ಗ್ಯಾಲರಿಯ ಮಾತೂ ಹೌದು, ವಿಚಾರಣೆ ನಡೆಸುವವನ ಮಾತೂ ಹೌದು. ಮೂರಕ್ಕೂ ಕನ್ನಡದಲ್ಲಿ ‘ನೀನು’ ಒಗ್ಗುತ್ತದೆ ಎಂಬುದೇ ಸ್ವಾರಸ್ಯ. ನಾವು ಏಕವಚನದಲ್ಲಿ ಕರೆಯುವುದು ತೀರಾ ಹತ್ತಿರದವರನ್ನು, ತೀರಾ ಕೋಪ ಬಂದವರನ್ನು ಮತ್ತು ದೇವರನ್ನು. ಅಭಿಮಾನಿಗೆ ಆಟಗಾರ ಈ ಮೂರೂ ಆಗಿರುತ್ತಾನೆ.

ಕಾದಂಬರಿಯ ಶಕ್ತಿ ಇಲ್ಲಿದೆ. ಅವನು ಲೀಡ್ಸನ್ನು ದ್ವೇಷಿಸುತ್ತಾನೆ, ಏಕೆಂದರೆ ರೆವಿಗೆ ಇರುವುದೆಲ್ಲ ತನಗೆ ಬೇಕು. ದ್ವೇಷದ ಹೊಟ್ಟೆಯಲ್ಲಿ ಆಸೆ ಕೂತಿದೆ ಎಂಬುದನ್ನು ಪೀಸ್ ವಿವರಿಸಲು ಹೋಗುವುದಿಲ್ಲ, ಕುಡಿತ, ಸಿಗರೇಟು, ಹೋಟೆಲ್ ಕೋಣೆಯ ನಿದ್ದೆಗೆಟ್ಟ ರಾತ್ರಿಗಳಲ್ಲಿ ತೋರಿಸುತ್ತಾರೆ.

ತೊಂದರೆಯೂ ಇಲ್ಲೇ ಇದೆ. ಓದಿದವರ ತಲೆಯಲ್ಲಿ ಅವನು ಅವರ ಜಾಗಕ್ಕೆ ಬಂದು ಕೂರುತ್ತಾನೆ. ಲೀಡ್ಸ್ ಆಟಗಾರ ಜಾನಿ ಗೈಲ್ಸ್ ಕೋರ್ಟಿಗೆ ಹೋದರು, ಪ್ರಕಾಶಕರು ಕ್ಷಮೆ ಕೇಳಬೇಕಾಯಿತು. ಕ್ಲಫ್ ಅವರ ಮನೆಯವರಿಗೂ ಪುಸ್ತಕ ಹಿಡಿಸಲಿಲ್ಲ. ಲೇಖಕನ ಸ್ವಾತಂತ್ರ್ಯದ ಹೆಸರಿನಲ್ಲಿ ಇದನ್ನು ತಳ್ಳಿಹಾಕುವುದು ಸುಲಭ. ಸತ್ತವರು ಉತ್ತರ ಕೊಡಲಾರರು ಎಂಬುದನ್ನು ಮರೆಯುವುದು ಇನ್ನೂ ಸುಲಭ.

ಆದರೆ ನನ್ನ ತಕರಾರು ಬೇರೆ. ಕಾದಂಬರಿ ಅವನಿಗೆ ತೀರಾ ಕಟುವಾಗಿದೆ ಎಂದಲ್ಲ, ತೀರಾ ಮೃದುವಾಗಿದೆ ಎಂದು. 1974ರ ಸೋಲಿನಲ್ಲಿ ನಿಲ್ಲುವುದರಿಂದ ಅವನು ಕೊನೆಗೂ ದುರಂತ ನಾಯಕನಾಗಿಯೇ ಉಳಿಯುತ್ತಾನೆ. ಸೋತವನ ಮೇಲೆ ಓದುಗನಿಗೆ ಕನಿಕರ ಹುಟ್ಟದೆ ಇರುವುದಿಲ್ಲ. ಕಷ್ಟದ ಪ್ರಶ್ನೆಗಳು ಬರುವುದು ಅವರು ಗೆದ್ದ ಮೇಲೆ. 1981ರಲ್ಲಿ ಫಾರೆಸ್ಟ್ ಹತ್ತು ಲಕ್ಷ ಪೌಂಡ್ ಕೊಟ್ಟು ಜಸ್ಟಿನ್ ಫಶಾನು ಎಂಬ ಕಪ್ಪು ಯುವಕನನ್ನು ಕರೆತಂದಿತು. ಆತ ಸಲಿಂಗಿಗಳ ಕ್ಲಬ್ಬಿಗೆ ಹೋಗುತ್ತಾನೆಂದು ಕಿವಿಗೆ ಬಿದ್ದಾಗ ಕ್ಲಫ್ ಹೇಗೆ ಹೀಯಾಳಿಸಿದರೆಂಬುದನ್ನು ಅವರ ಆತ್ಮಕಥೆಯೇ ಹೇಳುತ್ತದೆ. ಅದೇ ಕ್ಲಫ್ ಅವರ ತಂಡದಲ್ಲಿ ಬೆಳೆದ ವಿವ್ ಆಂಡರ್ಸನ್ 1978ರಲ್ಲಿ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ. 1989ರ ಹಿಲ್ಸ್‌ಬರೋ ದುರಂತದಲ್ಲಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಸಾವಿಗೆ ಅವರ ಊರಿನವರೇ ಕಾರಣವೆಂದು ಕ್ಲಫ್ ಬರೆದರು. ಅದು ಸುಳ್ಳು, ಮಕ್ಕಳನ್ನು ಕಳೆದುಕೊಂಡ ಮನೆಗಳ ಮೇಲೆ ಹಾಕಿದ ಬರೆ.

ಅಭಿಮಾನಿಗಳ ವಾದ ಇದೆಲ್ಲವನ್ನೂ ಒಳಗೊಳ್ಳುತ್ತದೆ. ಒಬ್ಬ ಯುರೋಪಿಯನ್ ಕಪ್ ಎಂದರೆ ಇನ್ನೊಬ್ಬ ಫಶಾನು ಎನ್ನುತ್ತಾನೆ. ಒಬ್ಬ ಕಾಲವೇ ಹಾಗಿತ್ತು ಎಂದರೆ, ಆ ಕಾಲದಲ್ಲೂ ಹಾಗಿರದವರಿದ್ದರಲ್ಲ ಎಂದು ಉತ್ತರ ಬರುತ್ತದೆ. ಅಲ್ಲಿ ಕೂಗಾಟವಿದೆ, ಬೈಗುಳವಿದೆ, ಅರ್ಧಸತ್ಯವೂ ಇದೆ. ಆದರೆ 44ನೇ ದಿನಕ್ಕೆ ಪುಸ್ತಕ ಮುಚ್ಚುವ ಅನುಕೂಲ ಅವರಿಗಿಲ್ಲ. ಪ್ರೀತಿಸಿದವನ ತಪ್ಪಿಗೆ ಲೆಕ್ಕ ಕೇಳುತ್ತಲೇ ಪ್ರೀತಿಸಬೇಕಾದ ಇಕ್ಕಟ್ಟು ಅವರದು.

ಪೀಸ್ ಕಾದಂಬರಿಯನ್ನು ಖಂಡಿತ ಓದಿ. ಓದಿ ಮುಗಿಸಿದ ಮೇಲೆ ಡರ್ಬಿಯ ಅಥವಾ ನಾಟಿಂಗ್‌ಹ್ಯಾಮಿನ ವಯಸ್ಸಾದ ಅಭಿಮಾನಿಯೊಬ್ಬ ಕ್ಲಫ್ ಬಗ್ಗೆ ಆಡುವ ಮಾತು ಎಲ್ಲಾದರೂ ಸಿಕ್ಕರೆ ಅದನ್ನೂ ಕೇಳಿ. ಕಾದಂಬರಿ ಬಿಟ್ಟಲ್ಲಿಂದ ಆತ ಶುರುಮಾಡುತ್ತಾನೆ.