ಪ್ರಶ್ನೆಯೋ, ಯಂತ್ರವೋ? ಕಂಪ್ಯೂಟರ್ ತರಗತಿಯ ಪ್ರಶ್ನೋತ್ತರ ಪದ್ಧತಿಯ ವಿಮರ್ಶೆ

ಹೇಳಿದ ಪಾಠವು ಶಿಷ್ಯನ ಮನಸ್ಸಿಗೆ ಹತ್ತಿತೇ ಇಲ್ಲವೇ ಎಂಬುದನ್ನು ಆಗಿಂದಾಗಲೇ ಅರಿಯುವುದು ಅಧ್ಯಾಪಕವೃತ್ತಿಯ ಹಳೆಯ ಕಷ್ಟ. ಇನ್ನೂರು ಮಂದಿ ನೆರೆದ ತರಗತಿಯಲ್ಲಿ “ತಿಳಿಯಿತೆ?” ಎಂದು ಕೇಳಿದರೆ ಮುಂದಿನ ಸಾಲಿನ ನಾಲ್ವರು ತಲೆದೂಗುವರು, ಉಳಿದವರ ಮೌನವನ್ನು ಸಮ್ಮತಿಯೆಂದೆಣಿಸಿ ಪಾಠವು ಮುಂದುವರಿಯುವುದು. ಈ ಮೌನವನ್ನು ಭೇದಿಸುವ ಉಪಾಯವೆಂದು ಕ್ಲಿಕ್ಕರ್, ಕಹೂಟ್ ಮೊದಲಾದ ಸಾಧನಗಳು ಕಾಲೇಜುಗಳ ಕಂಪ್ಯೂಟರ್ ವಿಜ್ಞಾನದ ತರಗತಿಗಳನ್ನು ಪ್ರವೇಶಿಸಿವೆ. ಅವುಗಳಿಂದ ದೊರೆತ ಫಲವು ಯಂತ್ರದ್ದೋ, ಅದರ ಮೂಲಕ ಕೇಳಿದ ಪ್ರಶ್ನೆಯದೋ ಎಂಬುದು ವಿಚಾರಣೀಯವಾಗಿದೆ.

ಈ ಪದ್ಧತಿಗಳಲ್ಲಿ ಪ್ರಮುಖವಾದುದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು ೧೯೯೧ರಲ್ಲಿ ಆರಂಭಿಸಿ, ೧೯೯೭ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ‘ಪೀರ್ ಇನ್‌ಸ್ಟ್ರಕ್ಷನ್’; ಎಂದರೆ ಸಹಪಾಠಿಗಳ ಪರಸ್ಪರ ಬೋಧೆ. ವಿದ್ಯಾರ್ಥಿಗಳು ಪಾಠವನ್ನು ಮುಂಚಿತವಾಗಿ ಓದಿ ಬರುವರು. ಅಧ್ಯಾಪಕನು ಒಂದು ಪ್ರಶ್ನೆಯನ್ನೊಡ್ಡಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಉತ್ತರವನ್ನು ಆರಿಸುವನು. ಬಳಿಕ ನೆರೆಯವನೊಡನೆ ವಾದಿಸಿ ಎರಡನೆಯ ಸಲ ಉತ್ತರಿಸುವನು. ಕೊನೆಗೆ ಅಧ್ಯಾಪಕನ ವಿವರಣೆ.

ಕಂಪ್ಯೂಟರ್ ಪಾಠದ ಒಂದು ಉದಾಹರಣೆಯಿಂದ ಇದರ ಸ್ವಾರಸ್ಯವು ಸ್ಪಷ್ಟವಾಗುವುದು. ‘ಕ’ ಎಂಬಲ್ಲಿ ೫, ‘ಗ’ ಎಂಬಲ್ಲಿ ೭ ಇವೆ. ಮೊದಲು ‘ಕ = ಗ’, ಅನಂತರ ‘ಗ = ಕ’ ಎಂದು ಆಜ್ಞಾಪಿಸಿದರೆ ಕೊನೆಗೆ ಉಳಿಯುವುದೇನು? ಬಹುಪಾಲು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎರಡು ಕಡೆಯೂ ೭ ಎಂಬುದೇ ಸರಿಯುತ್ತರ. ಮೊದಲ ಆಜ್ಞೆಯಲ್ಲೇ ೫ ಅಳಿದುಹೋಗುವುದು. ೭ ಮತ್ತು ೫ ಎನ್ನುವವನು ಎರಡು ಆಜ್ಞೆಗಳೂ ಏಕಕಾಲದಲ್ಲಿ ನಡೆಯುವುವೆಂದು ಭಾವಿಸಿದ್ದಾನೆ. ಎರಡೂ ೫ ಎನ್ನುವವನು ಬೆಲೆಯು ಎಡದಿಂದ ಬಲಕ್ಕೆ ಹರಿಯುವುದೆಂದು ತಿಳಿದಿದ್ದಾನೆ. ಗಣಿತದಲ್ಲಿ ಸಾಮ್ಯವನ್ನು ಸೂಚಿಸುವ ಚಿಹ್ನೆ ಇಲ್ಲಿ ಆಜ್ಞೆಯಾಗಿದೆ; ಸಂದರ್ಭ ಬದಲಾದರೆ ಅರ್ಥವೂ ಬದಲಾಗುವುದೆಂಬುದು ಸಾಹಿತ್ಯದ ಅಧ್ಯಾಪಕರಿಗೆ ಹೊಸತಲ್ಲ. ಇಂಥ ಪ್ರಶ್ನೆಯಲ್ಲಿ ತಪ್ಪು ಉತ್ತರವು ಬರಿಯ ತಪ್ಪಲ್ಲ, ಅದೊಂದು ಪೂರ್ವಪಕ್ಷ. ಪೂರ್ವಪಕ್ಷವನ್ನು ಸರಿಯಾಗಿ ನಿರೂಪಿಸದೆ ಸಿದ್ಧಾಂತವು ದೃಢವಾಗದೆಂಬುದು ನಮ್ಮ ಶಾಸ್ತ್ರಕಾರರ ಮತವಷ್ಟೆ.

ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ನಾಲ್ಕು ಕಂಪ್ಯೂಟರ್ ಪಾಠಕ್ರಮಗಳ ಹತ್ತು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ ಲಿಯೋ ಪೋರ್ಟರ್, ಸಿಂಥಿಯಾ ಲೀ, ಬೆತ್ ಸೈಮನ್ ಅವರು ೨೦೧೩ರಲ್ಲಿ ಪ್ರಕಟಿಸಿದ ಲೇಖನದ ಮೇರೆಗೆ, ಅನುತ್ತೀರ್ಣರ ಪ್ರಮಾಣವು ಈ ಪದ್ಧತಿಯಿಂದ ಸರಾಸರಿ ನೂರಕ್ಕೆ ೨೦ರಿಂದ ೭ಕ್ಕೆ ಇಳಿಯಿತು. ಇದು ಸಾಮಾನ್ಯ ಲಾಭವಲ್ಲ. ಆದರೂ ಇದು ನಡೆಯುತ್ತಿದ್ದ ತರಗತಿಗಳ ಅವಲೋಕನವೇ ಹೊರತು ನಿಯಂತ್ರಿತ ಪ್ರಯೋಗವಲ್ಲ. ಉತ್ತೀರ್ಣತೆ ಮತ್ತು ಜ್ಞಾನ ಒಂದೇ ಅಲ್ಲವೆಂಬುದನ್ನೂ ಮರೆಯಲಾಗದು. ದುರ್ಬಲನು ಬಲ್ಲವನನ್ನು ಅನುಕರಿಸಿದ್ದರಿಂದಲೇ ಎರಡನೆಯ ಉತ್ತರವು ಸರಿಯಾಗುವುದೆಂಬ ಆಕ್ಷೇಪವೂ ಉಂಟು. ಇದಕ್ಕೆ ಕೊಲರಾಡೋ ವಿಶ್ವವಿದ್ಯಾನಿಲಯದ ತಳಿಶಾಸ್ತ್ರದ ತರಗತಿಯಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯು ಸಮಾಧಾನವನ್ನೀಯುತ್ತದೆ: ಗುಂಪಿನಲ್ಲಿ ಮೊದಲು ಯಾರಿಗೂ ಸರಿಯುತ್ತರ ತಿಳಿಯದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚಬಲ್ಲುದೆಂದು ಅದು ತೋರಿಸಿತು.

ಹಾಗಾದರೆ ಯಂತ್ರದ ಪಾಲೆಷ್ಟು? ಕೆನಡಾದ ನಥಾನಿಯಲ್ ಲಾಸ್ರಿ ಅವರು ೨೦೦೮ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಕ್ಲಿಕ್ಕರ್ ಒತ್ತಿದವರ ಕಲಿಕೆಗೂ ಕಾಗದದ ಕಾರ್ಡುಗಳನ್ನೆತ್ತಿ ತೋರಿದವರ ಕಲಿಕೆಗೂ ಗಣನೀಯ ಅಂತರವು ಕಂಡುಬರಲಿಲ್ಲ. ಯಂತ್ರವು ಉತ್ತರಗಳನ್ನು ಕ್ಷಣದಲ್ಲಿ ಎಣಿಸಿ ಕೊಡುವುದು. ಸಂಕೋಚದ ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ ಅವನಿಗೆ ಧೈರ್ಯವನ್ನೀಯುವುದು. ಇವು ಸಣ್ಣ ಉಪಕಾರಗಳಲ್ಲ. ಆದರೆ ಬೋಧೆಯ ಪ್ರಾಣವೂ ಅಲ್ಲ.

ನಾರ್ವೆಯಲ್ಲಿ ಹುಟ್ಟಿ ೨೦೧೩ರಲ್ಲಿ ಬಳಕೆಗೆ ಬಂದ ಕಹೂಟ್‌ನ ಸಾಮಾನ್ಯ ಆಟದಲ್ಲಿ ಬೇಗ ಉತ್ತರಿಸಿದವನಿಗೆ ಹೆಚ್ಚು ಅಂಕ; ಮುಂದಿರುವವರ ಹೆಸರುಗಳು ತೆರೆಯ ಮೇಲೆ ಮೂಡುವುವು. ತರಗತಿಯಲ್ಲಿ ಉಲ್ಲಾಸವು ತುಂಬುವುದು ನಿಜ. ಪಾರಿಭಾಷಿಕ ಶಬ್ದಗಳ ಪುನರಾವರ್ತನೆಗೆ ಇದು ಸಾಲಲೂಬಹುದು. ಆದರೆ ಪ್ರೋಗ್ರಾಮನ್ನು ಸಾಲುಸಾಲಾಗಿ ಅನುಸರಿಸಿ ಓದುವ ವಿದ್ಯೆಗೆ ತಾಳ್ಮೆಯೇ ಮೂಲಧನ. ಅವಸರಕ್ಕೆ ಬಹುಮಾನವನ್ನೀಯುವ ಆಟವು ಆ ಮೂಲಧನವನ್ನೇ ಕರಗಿಸುವುದು. ನಿಧಾನವಾಗಿ ಯೋಚಿಸಿ ಸರಿಯಾದುದನ್ನು ಹೇಳಿದವನು ಇಲ್ಲಿ ಹಿಂದುಳಿಯುವನು. ಭೇದಿಸಬೇಕೆಂದಿದ್ದ ಮೌನವು ಹಿಂದಿನ ಸಾಲಿಗೆ ಮರಳಿ ಬರುವುದು.

ಆದುದರಿಂದ ವಿದ್ಯಾಸಂಸ್ಥೆಗಳು ಸಾಧನಗಳಿಗೆ ವೆಚ್ಚಮಾಡುವ ಮುನ್ನ, ಒಳ್ಳೆಯ ಪ್ರಶ್ನೆಗಳನ್ನು ರಚಿಸಲು ಅಧ್ಯಾಪಕರಿಗೆ ಬೇಕಾದ ಅವಕಾಶವನ್ನೂ ಚರ್ಚೆಗೆ ಬೇಕಾದ ಕಾಲವನ್ನೂ ಒದಗಿಸುವುದು ಯುಕ್ತ. ಶಿಷ್ಯನು ಎಲ್ಲಿ ಎಡವುವನೆಂಬುದನ್ನು ಮುಂಚಿತವಾಗಿ ಬಲ್ಲವನ ಪ್ರಶ್ನೆಯು ಕಾಗದದ ಕಾರ್ಡಿನಿಂದಲೂ ಫಲಿಸುವುದು. ಅದನ್ನರಿಯದವನ ಕೈಯಲ್ಲಿ ಅತ್ಯುತ್ತಮ ಯಂತ್ರವೂ ಹಾಜರಿ ತೆಗೆಯುವ ಉಪಕರಣವಾಗಿ ಉಳಿಯುವುದು.