ಜೋಳದ ಋಣವೂ ಕಬಡ್ಡಿಯ ನಿಷ್ಠೆಯೂ: ಒಂದು ವಾದದ ವಿಮರ್ಶೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ತರುಣರಲ್ಲಿ ಕಬಡ್ಡಿಯನ್ನು ಕುರಿತ ಒಂದು ವಾದವು ಕೆಲವು ವರ್ಷಗಳಿಂದ ಬಿಡುವಿಲ್ಲದೆ ನಡೆದುಬಂದಿದೆ. ಊರಿನ ಯುವಕ ಮಂಡಲದ ಅಂಗಳದಲ್ಲಿ ಆಟ ಕಲಿತ ಹುಡುಗನು, ನಾಲ್ಕು ಜನ ಗುರುತಿಸುವಷ್ಟು ಹೆಸರು ಬಂದೊಡನೆ, ಹಣ ಕೊಡುವ ಬೇರೊಂದು ತಂಡಕ್ಕೆ ಹೋಗಿ ಆಡುವುದು ಸರಿಯೋ ತಪ್ಪೋ ಎಂಬುದೇ ಆ ವಾದದ ತಿರುಳು. ಒಂದು ಪಕ್ಷದವರು ಅದನ್ನು ದ್ರೋಹವೆನ್ನುತ್ತಾರೆ. ಇನ್ನೊಂದು ಪಕ್ಷದವರು ಮೈ ಅವನದು, ಆಟ ಅವನದು, ಬಂದ ಹಣವೂ ಅವನದೇ ಎನ್ನುತ್ತಾರೆ. ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ಅಂಗಳದ ಸುತ್ತ ಕಟ್ಟಿದ ಹಗ್ಗದ ಆಚೆ ನಿಂತ ಜನರ ನಡುವೆ ಈ ಎರಡು ಮಾತುಗಳನ್ನೂ ನಾವು ಅನೇಕ ಬಾರಿ ಕೇಳಿದ್ದೇವೆ.

ಇದು ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಗೆ ತಕ್ಕ ವಿಷಯವೇ ಎಂಬ ಶಂಕೆ ನಮಗೂ ಇದ್ದಿತು. ಅದು ನಿವಾರಣೆಯಾದುದು ಒಬ್ಬ ವಿದ್ಯಾರ್ಥಿಯ ಮಾತಿನಿಂದ. ತನ್ನೂರಿನ ತಂಡವನ್ನು ಬಿಟ್ಟುಹೋದ ಗೆಳೆಯನನ್ನು ಹಳಿಯುತ್ತ ಆತನು, “ಹಾನಗಲ್ಲಿನ ವೀರಗಲ್ಲು ನೋಡಿಯಾದ್ರೂ ಕಲೀಬೇಕಿತ್ರೀ ಸರ್, ಒಡೆಯನ ಸಲುವಾಗಿ ಜೀವಾನ ಕೊಟ್ಟಾರ” ಎಂದನು. ಗತಕಾಲವನ್ನು ಸಾಕ್ಷಿಗೆ ಕರೆದ ಮೇಲೆ ಆ ಸಾಕ್ಷಿಯು ನಿಜವಾಗಿ ಏನು ಹೇಳುತ್ತದೆಂಬುದನ್ನು ವಿಚಾರಿಸುವುದು ನಮ್ಮ ಕೆಲಸವಾಗುತ್ತದೆ.

ಮೊದಲು ಅಂಗಳದ ಸ್ಥಿತಿಯನ್ನು ನೋಡೋಣ. ಈ ಭಾಗದಲ್ಲಿ ಜಾತ್ರೆ, ಗಣೇಶ ಚತುರ್ಥಿ, ದಸರೆಗಳ ಸಂದರ್ಭದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುತ್ತವೆ. ಪ್ರವೇಶ ಶುಲ್ಕ ಕೊಟ್ಟು ತಂಡಗಳು ಬರುತ್ತವೆ; ಕೆಲವೆಡೆ ಇಂತಿಷ್ಟು ಕಿಲೋ ತೂಕದ ಒಳಗಿನವರಿಗೆ ಮಾತ್ರ ಎಂಬ ನಿಯಮವಿರುತ್ತದೆ. ಗೆಲ್ಲಲೇಬೇಕೆಂಬ ಹಟವುಳ್ಳ ತಂಡಗಳು ಒಂದು ರಾತ್ರಿಯ ಮಟ್ಟಿಗೆ ಹೊರಗಿನ ದಾಳಿಗಾರನೊಬ್ಬನನ್ನು ಹಣ ಕೊಟ್ಟು ಕರೆತರುವುದುಂಟು. ಹಾಗೆ ಕರೆತರುವವರೇ ತಮ್ಮ ಹುಡುಗನೊಬ್ಬನು ಮರುವಾರ ಬೇರೆಯವರ ಅಂಗಿ ತೊಟ್ಟು ನಿಂತಾಗ ದ್ರೋಹದ ಮಾತನ್ನಾಡುತ್ತಾರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಇನ್ನು ಕಲಿಕೆಯೋ, ಅದು ಬಹುಮಟ್ಟಿಗೆ ಲೆಕ್ಕಕ್ಕೆ ಬಾರದ ದುಡಿಮೆ. ಹೊಲದ ಕೆಲಸ ಮುಗಿಸಿ ಬಂದ ಹಳೆಯ ಆಟಗಾರನೊಬ್ಬನು ಸಂಜೆಯ ಹೊತ್ತು ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ; ಯಾರದೋ ಮನೆಯ ಹಾಲು, ಯಾರದೋ ಮನೆಯ ರೊಟ್ಟಿ; ಕೆಂಪುಮಣ್ಣನ್ನು ಹದಮಾಡಿ ಅಂಗಳ ಸಿದ್ಧಪಡಿಸುವುದು ಎಲ್ಲರ ಪಾಲಿನ ಕೆಲಸ.

ವಾದದ ಭಾಷೆ ಮಾತ್ರ ಅಂಗಳದಿಂದ ಹುಟ್ಟಿದ್ದಲ್ಲ. ಅದು ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನ ಜೊತೆಗೆ ದೂರದರ್ಶನದ ಪರದೆಯಿಂದ ಇಳಿದುಬಂದಿತು. ಎಂಟು ತಂಡಗಳಿಂದ ತೊಡಗಿದ ಈ ಲೀಗು ೨೦೧೭ರಲ್ಲಿ ಹನ್ನೆರಡು ತಂಡಗಳದಾಯಿತು. ನಮ್ಮ ಹುಡುಗರು ಮೆಚ್ಚಿಕೊಂಡದ್ದು ಸಹಜವಾಗಿಯೇ ಬೆಂಗಳೂರು ಬುಲ್ಸ್ ತಂಡವನ್ನು. ಅವರ ಮನಸ್ಸನ್ನು ಗೆದ್ದವನು ಪವನ್ ಸೆಹ್ರಾವತ್. ೨೦೧೬ರಲ್ಲಿ ಬೆಂಗಳೂರಿನ ತಂಡದಲ್ಲಿಯೇ ಕಾಣಿಸಿಕೊಂಡು, ಮಧ್ಯೆ ಒಂದು ಆವೃತ್ತಿ ಗುಜರಾತಿಗೆ ಹೋಗಿ ಮರಳಿದ ಈ ಆಟಗಾರನು ೨೦೧೯ರ ಜನವರಿ ೫ರ ಅಂತಿಮ ಪಂದ್ಯದಲ್ಲಿ ಒಬ್ಬನೇ ೨೨ ಅಂಕ ಗಳಿಸಿ ೩೮-೩೩ರಿಂದ ಗುಜರಾತನ್ನು ಸೋಲಿಸಿಕೊಟ್ಟನು. ೨೦೨೨ರ ಹರಾಜಿನಲ್ಲಿ ತಮಿಳ್ ತಲೈವಾಸ್ ೨.೨೬ ಕೋಟಿ ರೂಪಾಯಿಗಳಿಗೂ, ೨೦೨೩ರಲ್ಲಿ ತೆಲುಗು ಟೈಟಾನ್ಸ್ ೨.೬೦೫ ಕೋಟಿ ರೂಪಾಯಿಗಳಿಗೂ ಅವನನ್ನು ಪಡೆದವು. ಆಗ ನಮ್ಮ ವಿದ್ಯಾರ್ಥಿಗಳಲ್ಲಿ ಎದ್ದ ಕೋಲಾಹಲವು ಪರೀಕ್ಷೆಯ ಫಲಿತಾಂಶಕ್ಕೂ ಏಳುವುದಿಲ್ಲ.

ಈ ಕೋಲಾಹಲದಲ್ಲಿ ಎರಡು ಸಂಗತಿಗಳು ಮರೆಯಾದವು. ಹರಾಜೆಂಬುದು ಆಟಗಾರನ ಇಚ್ಛೆಯನ್ನು ಕೇಳಿ ನಡೆಯುವ ವ್ಯವಹಾರವಲ್ಲ; ತಂಡವು ಉಳಿಸಿಕೊಳ್ಳದಿದ್ದಾಗ ಅವನು ಕೂಗಿಗೆ ನಿಲ್ಲಲೇಬೇಕು. ಇದು ಒಂದು. ಎರಡನೆಯದು ಇನ್ನೂ ಸ್ವಾರಸ್ಯಕರವಾದುದು. ೨೦೧೭ರಲ್ಲಿ ಬೆಂಗಳೂರಿನ ತಂಡವು ತನ್ನ ತವರಿನ ಪಂದ್ಯಗಳನ್ನು ಬೆಂಗಳೂರಿನಲ್ಲಿ ಆಡಲಿಲ್ಲ, ನಾಗಪುರದಲ್ಲಿ ಆಡಿತು. ಅದಕ್ಕೆ ಕ್ರೀಡಾಂಗಣದ ಅಡಚಣೆ ಮೊದಲಾದ ಕಾರಣಗಳಿದ್ದಿರಬಹುದು. ಆದರೆ ತಂಡವು ಊರನ್ನು ಬಿಟ್ಟು ಹೋಯಿತೆಂದು ಅದನ್ನು ದ್ರೋಹಿಯೆಂದು ಕರೆದವರನ್ನು ನಾವು ಕಾಣೆವು. ಕರಾವಳಿಯ ಸುಕೇಶ್ ಹೆಗ್ಡೆ ಗುಜರಾತ್ ತಂಡವನ್ನೂ, ಪ್ರಶಾಂತ್ ಕುಮಾರ್ ರೈ ಪಾಟ್ನಾ ತಂಡವನ್ನೂ ಮುನ್ನಡೆಸಿದಾಗ ಕನ್ನಡಿಗರು ಕನ್ನಡ ನಾಡನ್ನು ತೊರೆದರೆಂಬ ಕೂಗೂ ಏಳಲಿಲ್ಲ. ಹಾಗಾದರೆ ನಿಷ್ಠೆಯೆಂಬುದು ನೆಲಕ್ಕೆ ಸಲ್ಲುವುದೋ ಅಂಗಿಯ ಬಣ್ಣಕ್ಕೆ ಸಲ್ಲುವುದೋ? ನಮಗೆ ಕಂಡಂತೆ, ಈ ವಾದದಲ್ಲಿ ಅದು ಬಿಟ್ಟುಹೋಗುವ ವ್ಯಕ್ತಿಯಿಂದ ಮಾತ್ರ ಕೇಳಲಾಗುವ ವಸ್ತು. ಅವನನ್ನು ಬಿಟ್ಟುಬಿಡುವ ಸಂಸ್ಥೆಯಿಂದ ಯಾರೂ ಅದನ್ನು ಕೇಳುವುದಿಲ್ಲ.

ಈಗ ವೀರಗಲ್ಲಿನ ಸಾಕ್ಷಿಗೆ ಬರೋಣ. ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದು, ೧೧೯೬ರಲ್ಲಿ ಹೊಯ್ಸಳ ವೀರಬಲ್ಲಾಳನ ಮುತ್ತಿಗೆಯನ್ನು ಎದುರಿಸಿದ ಸ್ಥಳವೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಆ ಕಾಲದ ಸ್ವಾಮಿನಿಷ್ಠೆ ಸಾಮಾನ್ಯವಾದುದಲ್ಲ. ಒಡೆಯನೊಡನೆ ಸಾಯುವೆನೆಂದು ಪಣತೊಟ್ಟ ವೇಳೆವಾಳಿಗಳು, ಲೆಂಕರು, ಗರುಡರು ನಮ್ಮ ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಹಳೇಬೀಡಿನ ಗರುಡಗಂಬವು ವೀರಬಲ್ಲಾಳನೊಡನೆ ಪ್ರಾಣ ನೀಗಿದ ಕುವರಲಕ್ಷ್ಮನನ್ನು ಇಂದಿಗೂ ನೆನಪಿಸುತ್ತದೆ. ನಮ್ಮ ವಿದ್ಯಾರ್ಥಿಯು ಓದಿದ್ದು ಇಷ್ಟನ್ನೇ. ಆದರೆ ಇದೇ ಶಾಸನ ಪ್ರಪಂಚದಲ್ಲಿ ಜೋಳವಾಳಿ ಎಂಬ ಇನ್ನೊಂದು ಶಬ್ದವಿದೆ. ಒಡೆಯನು ಕೊಟ್ಟ ಜೋಳವನ್ನು ಉಂಡದ್ದಕ್ಕಾಗಿ ಸಲ್ಲಿಸುವ ಸೇವೆ ಅದು. ಶಬ್ದದ ಮೊದಲರ್ಧವನ್ನು ಗಮನಿಸಬೇಕು: ಜೋಳವು ಮೊದಲು ಬರುತ್ತದೆ, ಸೇವೆ ಆಮೇಲೆ. ಸೇವೆಯಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂಬ ಹೆಸರಿನಿಂದ ಭೂಮಿ ಕೊಡುತ್ತಿದ್ದರು. ಪರಾಕ್ರಮ ತೋರಿ ಬದುಕಿ ಬಂದವನಿಗೆ ಬಾಳ್ಗಳ್ಚು ಎಂಬ ಉಂಬಳಿ ಇದ್ದಿತು.

೯೪೯-೫೦ರ ಆತಕೂರು ಶಾಸನವು ಇದಕ್ಕೆ ಎಲ್ಲಕ್ಕಿಂತ ಸೊಗಸಾದ ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಆತಕೂರು ಹನ್ನೆರಡೂ ಬೆಳ್ವೊಲ ನಾಡಿನ ಒಂದು ಊರೂ ಬಾಳ್ಗಳ್ಚಾಗಿ ದೊರೆತವು. ಮೆಚ್ಚಿದ ಒಡೆಯನಿಂದ ಅವನು ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಆ ಕಲ್ಲಿನ ಪೂಜೆ ತಪ್ಪದಿರಲೆಂದು ಭೂಮಿಯೂ ಬಿಡಲ್ಪಟ್ಟಿತು. ಬೆಳ್ವೊಲವು ನಮ್ಮ ನಾಲ್ಕು ತಾಲೂಕುಗಳಿಗೆ ದೂರದ ನಾಡೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಬೇಟೆಯ ನಾಯಿಗೆ ಸಂದ ಗೌರವದ ಈ ದಾಖಲೆಯನ್ನು ಓದಿದ ಮೇಲೆ, ವೀರಗಲ್ಲನ್ನು ತೋರಿಸಿ ಹುಡುಗನೊಬ್ಬನನ್ನು ಗದರಿಸುವುದು ಕಷ್ಟವಾಗುತ್ತದೆ.

ಕ್ರೀಡೆಯ ವಿಷಯದಲ್ಲಿಯೇ ಒಂದು ಆಧಾರ ಬೇಕೆನ್ನುವವರು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವನ್ನು ನೋಡಬಹುದು. ಸುಮಾರು ೧೧೨೯ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸಿದೆ. ಅವರ ವ್ಯಾಯಾಮವೇನು, ಅವರಿಗೆ ಅರಸನು ಒದಗಿಸಬೇಕಾದ ಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸುಗಳು ಯಾವುವು ಎಂಬುದನ್ನು ಹೇಳಿದೆ. ಅರಸನ ಮನರಂಜನೆಗಾಗಿ ಬರೆದ ಪುಸ್ತಕದಲ್ಲಿಯೂ ಉಣಿಸುವ ಹೊಣೆ ಅರಸನ ಮೇಲೆಯೇ ಇದೆ. ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಒಡೆಯನನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಆ ಜಟ್ಟಿಗಳಿಗೆ ಎಷ್ಟಿದ್ದಿತೆಂದು ಊಹಿಸಬಹುದು. ನಿಷ್ಠೆಯು ಎರಡು ಕಡೆಯ ಲೆಕ್ಕವಾಗಿತ್ತು ಎಂಬಷ್ಟೇ ನಮ್ಮ ಪ್ರತಿಪಾದನೆ.

ಇಂದಿನ ಲೆಕ್ಕದಲ್ಲಿ ಬರಿದಾಗಿರುವ ಕಲಮು ಯಾವುದೆಂಬುದನ್ನು ನಾವು ಕಣ್ಣಾರೆ ಕಂಡೆವು. ಸವಣೂರು ತಾಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು, ಹಣದಾಸೆ ತೋರಿದ ಎರಡು ತಂಡಗಳನ್ನು ನಿರಾಕರಿಸಿ, ತನ್ನೂರಿನ ಮಂಡಲಕ್ಕೇ ಆಡಿದನು. ಒಂದು ರಾತ್ರಿಯ ಪಂದ್ಯದಲ್ಲಿ ಮೂವರು ಅವನ ಕಾಲಿನ ಮೇಲೆ ಬಿದ್ದರು. ಮೊಣಕಾಲಿನ ಒಳಗಿನ ಕಟ್ಟು ಹರಿದಿದೆಯೆಂದೂ ಶಸ್ತ್ರಚಿಕಿತ್ಸೆ ಆಗಬೇಕೆಂದೂ ವೈದ್ಯರು ಹೇಳಿದರು. ಮಂಡಲದವರು ಮೊದಲ ವಾರ ಬಂದರು, ಕೈಲಾದಷ್ಟು ಕೂಡಿಸಿ ಕೊಟ್ಟರು. ಅವರದು ಕೆಟ್ಟ ಮನಸ್ಸೆಂದು ನಾವು ಹೇಳಲಾರೆವು. ಆದರೆ ಅದು ಒಂದು ಎಕ್ಸ್-ರೇಯ ಖರ್ಚಿಗೂ ಔಷಧಿಗೂ ಸರಿಹೋಯಿತು. ಉಳಿದುದಕ್ಕೆ ಅವನ ತಂದೆ ಎತ್ತು ಮಾರಿದನು. ಆ ವರ್ಷ ಹುಡುಗನು ಪರೀಕ್ಷೆಗೆ ಕೂರಲಿಲ್ಲ. ೨೦೨೨ರಲ್ಲಿ ಪವನ್ ಸೆಹ್ರಾವತನೂ ತನ್ನ ಹೊಸ ತಂಡದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟು ತಿಂದು ಆವೃತ್ತಿಯನ್ನೆಲ್ಲ ಕಳೆದುಕೊಂಡನು. ಮರುವರ್ಷ ಅವನ ಬೆಲೆ ಏರಿತು. ನಮ್ಮ ವಿದ್ಯಾರ್ಥಿಗೆ ಮರುವರ್ಷವೆಂಬುದು ಬರಲಿಲ್ಲ. ಇದೇ ತಾಲೂಕುಗಳಲ್ಲಿ ದೀಪಾವಳಿಯ ತರುವಾಯ ನಡೆಯುವ ಹೋರಿ ಹಬ್ಬದ ಹೋರಿಗೆ ವರ್ಷವಿಡೀ ಹತ್ತಿಕಾಳು, ಹಿಂಡಿ ತಪ್ಪುವುದಿಲ್ಲ. ಅದು ಕುಂಟಿದರೆ ದನದ ಡಾಕ್ಟರನ್ನು ಅದೇ ದಿನ ಕರೆಸುತ್ತಾರೆ. ಹೋರಿಯ ಅಭಿಮಾನಿಗಳು, ಕಬಡ್ಡಿಯ ಅಭಿಮಾನಿಗಳು ಅನೇಕ ವೇಳೆ ಒಬ್ಬರೇ ಆಗಿರುತ್ತಾರೆ.

ಇಷ್ಟರಿಂದ ಎರಡನೆಯ ಪಕ್ಷವು ಗೆದ್ದಿತೆಂದು ತಿಳಿಯಬಾರದು. ಬಂದ ಹಣವೆಲ್ಲ ಹುಡುಗನದೇ ಎನ್ನುವವರು ಸಂಜೆಯ ಹೊತ್ತು ಪಟ್ಟು ಹೇಳಿಕೊಟ್ಟವನನ್ನು ಲೆಕ್ಕದಿಂದ ಹೊಡೆದುಹಾಕುತ್ತಾರೆ. ಲೀಗಿನ ಹರಾಜಿನ ಮೊತ್ತವು ಆಟಗಾರನ ಸಂಭಾವನೆಯೇ ಹೊರತು ಅವನನ್ನು ತಯಾರಿಸಿದ ಊರಿಗೆ ಸಲ್ಲುವ ಹಣವಲ್ಲ. ಬಿತ್ತಿದವರಿಗೆ ಕಾಳು ಬಾರದ ಹೊಲವನ್ನು ಎಷ್ಟು ದಿನ ಬಿತ್ತಿಯಾರು?

ಈ ತೊಡಕು ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಮತ್ತು ಗಣಿಗಳ ಊರುಗಳಲ್ಲಿ ರಗ್ಬಿ ಆಡುತ್ತಿದ್ದವರು ಕೂಲಿಕಾರರು. ಶನಿವಾರ ಆಡಲು ಹೋದರೆ ಅವರ ಕೂಲಿ ಮುರಿಯುತ್ತಿತ್ತು. ಮುರಿದ ಕೂಲಿಯನ್ನು ಕ್ಲಬ್ಬು ತುಂಬಿಕೊಡಬಹುದೇ ಎಂಬ ಪ್ರಶ್ನೆಗೆ, ಆಟದ ಪ್ರೀತಿಗಾಗಿ ಆಡುವವನು ಹಣ ಮುಟ್ಟಬಾರದೆಂದು ಸ್ಥಿತಿವಂತರ ಕೈಯಲ್ಲಿದ್ದ ಮಂಡಳಿಯು ಉತ್ತರವಿತ್ತಿತು. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಪ್ರತ್ಯೇಕ ಒಕ್ಕೂಟ ಕಟ್ಟಿ, ದಿನಕ್ಕೆ ಆರು ಶಿಲಿಂಗಿನವರೆಗೆ ಕೂಲಿನಷ್ಟ ಕೊಡಲು ನಿಶ್ಚಯಿಸಿದವು. ರಗ್ಬಿ ಲೀಗ್ ಎಂಬ ಆಟವೇ ಹೀಗೆ ಹುಟ್ಟಿದ್ದು. ತಮ್ಮೂರಿನ ಕ್ಲಬ್ಬಿನ ಮೇಲಣ ಅಭಿಮಾನಕ್ಕೆ ಆ ಊರುಗಳು ಇಂದಿಗೂ ಹೆಸರಾಗಿವೆ. ಹಣ ಮುಟ್ಟಿದರೆ ಅಭಿಮಾನ ಸಾಯುತ್ತದೆಂಬ ನಮ್ಮ ಮೊದಲ ಪಕ್ಷದವರ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ತಯಾರಿಸಿದ ಊರಿನ ಪಾಲಿನ ವಿಷಯದಲ್ಲಿ ಕಾಲ್ಚೆಂಡಾಟದವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ೨೦೦೧ರಿಂದ ಫಿಫಾದ ನಿಯಮದಂತೆ, ಆಟಗಾರನು ಒಪ್ಪಂದದ ನಡುವೆ ಬೇರೆ ದೇಶದ ಕ್ಲಬ್ಬಿಗೆ ಹೋದಾಗ ವರ್ಗಾವಣೆಯ ಹಣದಲ್ಲಿ ನೂರಕ್ಕೆ ಐದು ಪಾಲು ಅವನನ್ನು ಹನ್ನೆರಡರಿಂದ ಇಪ್ಪತ್ತಮೂರನೆಯ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ. ಹದಿನೈದರವರೆಗಿನ ಪ್ರತಿ ವರ್ಷಕ್ಕೆ ಕಾಲು ಪಾಲು, ಅನಂತರದ ಪ್ರತಿ ವರ್ಷಕ್ಕೆ ಅರ್ಧ ಪಾಲು.

ಹುಡುಗಿಯರ ಮಾತು ಈ ವಾದದಲ್ಲಿ ಬರುವುದೇ ಇಲ್ಲ. ೨೦೧೬ರಲ್ಲಿ ಮಹಿಳೆಯರ ಕಬಡ್ಡಿ ಚಾಲೆಂಜ್ ನಡೆದಾಗ ಮೂರು ತಂಡಗಳ ಪೈಕಿ ಎರಡರ ನಾಯಕಿಯರು, ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ, ಕರ್ನಾಟಕದವರು. ನಮ್ಮ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಚೆನ್ನಾಗಿ ಆಡುವ ಹುಡುಗಿಯರಿದ್ದಾರೆ. ಹತ್ತನೆಯ ತರಗತಿಯ ಆಚೆ ಅವರು ನಿಷ್ಠೆ ತೋರಲಿಕ್ಕಾಗಲಿ ಬಿಟ್ಟುಹೋಗಲಿಕ್ಕಾಗಲಿ ಒಂದು ತಂಡವೇ ಇರುವುದಿಲ್ಲ.

ಪಂದ್ಯಾವಳಿಯ ಪ್ರವೇಶ ಶುಲ್ಕದಲ್ಲಿ ಒಂದಂಶವನ್ನು ಗಾಯಗೊಂಡವರ ಚಿಕಿತ್ಸೆಗೂ, ಹೊರಗಿನ ಆಟಗಾರನಿಗೆ ಕೊಡುವ ಹಣದಲ್ಲಿ ಒಂದಂಶವನ್ನು ಅವನನ್ನು ಕಲಿಸಿದ ಮಂಡಲಕ್ಕೂ ತೆಗೆದಿಡಬಾರದೇ ಎಂದು ಹಿರೇಕೆರೂರು ಮತ್ತು ಶಿಗ್ಗಾಂವಿ ಕಡೆಯ ಕೆಲವು ಮಂಡಲದವರನ್ನು ನಾವು ಕೇಳಿದೆವು. ಚಿಕಿತ್ಸೆಯ ಮಾತನ್ನು ಅವರು ಕೂಡಲೇ ಒಪ್ಪಿದರು. ಎರಡನೆಯದಕ್ಕೆ ಒಂದು ಆಕ್ಷೇಪಣೆ ತೆಗೆದರು, ಮತ್ತು ಅದು ಉಚಿತವಾದ ಆಕ್ಷೇಪಣೆಯೇ: ಹುಡುಗನು ತಾಯಿಯ ತವರೂರಿನಲ್ಲಿ ಎರಡು ವರ್ಷ, ತಂದೆಯ ಊರಿನಲ್ಲಿ ಮೂರು ವರ್ಷ, ಕ್ರೀಡಾ ವಸತಿ ನಿಲಯದಲ್ಲಿ ಒಂದು ವರ್ಷ ಆಡಿದ್ದರೆ ಅವನು ಯಾರ ಹುಡುಗ? ಫಿಫಾದ ಕಾಲು ಪಾಲು, ಅರ್ಧ ಪಾಲುಗಳ ಲೆಕ್ಕವನ್ನು ನಾವು ವಿವರಿಸಿದಾಗ ಅವರಲ್ಲಿ ಹಿರಿಯರೊಬ್ಬರು ನಕ್ಕು, ಯಾವ ಹುಡುಗ ಯಾವ ವರ್ಷ ಅಂಗಳಕ್ಕೆ ಬಂದನೆಂಬುದನ್ನು ಬರೆದಿಟ್ಟವರು ಯಾರೆಂದು ಕೇಳಿದರು. ಯಾವ ಮಂಡಲದಲ್ಲಿಯೂ ಅಂಥ ಪುಸ್ತಕವಿರಲಿಲ್ಲ. ಗೆದ್ದ ಢಾಲುಗಳ ಪಟ್ಟಿ ಮಾತ್ರ ಎಲ್ಲರಲ್ಲಿಯೂ ಇದ್ದಿತು. ಮುಂದಿನ ಗಣೇಶ ಚತುರ್ಥಿಯೊಳಗೆ ಹೆಸರು, ವಯಸ್ಸು, ಬಂದ ವರ್ಷ, ಬಿಟ್ಟ ವರ್ಷ, ಆದ ಗಾಯ, ಕೊಟ್ಟ ಹಣ ಇಷ್ಟನ್ನು ಬರೆಯುವ ಪುಸ್ತಕವೊಂದನ್ನು ತೆರೆಯಲು ಎರಡು ಮಂಡಲದವರು ಒಪ್ಪಿದ್ದಾರೆ. ಕಲಮುಗಳನ್ನು ಗೆರೆ ಹಾಕಿ ಕೊಡುವ ಕೆಲಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ.