ಸುಣ್ಣ ಸುರಿದರಾಯಿತೇ?

ಅಡಿಕೆ ತೋಟಕ್ಕೆ ಸುಣ್ಣ ಹಾಕುವ ಮಲೆನಾಡು, ಕರಾವಳಿಯ ರೂಢಿ ಸರಿಯಾದದ್ದೇ. ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ. ಅಮೋನಿಯಂ ಗೊಬ್ಬರಗಳು ನೈಟ್ರೇಟ್ ಆಗುವಾಗ ಇನ್ನಷ್ಟು ಹುಳಿ ಸೇರಿಸುತ್ತವೆ. ರಸಸಾರ (pH) 5.5ಕ್ಕಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಟಕು ಮಾಡುತ್ತದೆ. ಸುಣ್ಣ ಬೇಕೇ ಬೇಕು. ನನ್ನ ತಕರಾರು ಅದನ್ನು ಹಾಕುವ ಕ್ರಮದ ಬಗ್ಗೆ.

ಒರಟು ಸುಣ್ಣಕಲ್ಲಿನ ಪುಡಿಯನ್ನು ಬುಡದಲ್ಲಿ ಗುಡ್ಡೆ ಹಾಕಿ ಮಳೆಗೆ ಬಿಟ್ಟರೆ ಕೆಲಸ ಮುಗಿಯಿತೆಂಬ ನಂಬಿಕೆ ಬೇರೂರಿದೆ. ಆದರೆ ಸುಣ್ಣಕಲ್ಲು ಶುದ್ಧ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಅದನ್ನು ಕರಗಿಸುವುದು ಮಣ್ಣಿನ ಹುಳಿಯೇ. ಜೊತೆಗೆ, ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿಗೆ ಬೆರೆತು ಆಗುವ ದುರ್ಬಲ ಆಮ್ಲ. ಕಾರ್ಬೊನೇಟ್ ಹುಳಿಯ ಹೈಡ್ರೋಜನ್ ಹಿಡಿದು ನೀರು, ಅನಿಲವಾಗುತ್ತದೆ. ಅಲ್ಯೂಮಿನಿಯಂ ಕರಗದ ರೂಪಕ್ಕೆ ತಿರುಗಿ ಕೂರುತ್ತದೆ, ಜೇಡಿಕಣದ ಮೇಲೆ ತೆರವಾದ ಜಾಗಕ್ಕೆ ಕ್ಯಾಲ್ಸಿಯಂ ಬರುತ್ತದೆ. ಇದೆಲ್ಲ ನಡೆಯುವುದು ಸುಣ್ಣದ ಕಣಕ್ಕೆ ಹುಳಿ ಮಣ್ಣು ತಾಗಿದಲ್ಲಿ ಮಾತ್ರ. ಹಿಟ್ಟಿನಂಥ ಪುಡಿ ಬೇಗ ಕೆಲಸ ಮಾಡುತ್ತದೆ, ನುಚ್ಚು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಗುಡ್ಡೆ ಹಾಕಿದ ಸುಣ್ಣ ಬೇರಿನ ಆಳಕ್ಕೆ ಇಳಿಯುವುದೂ ಬಹಳ ನಿಧಾನ. ಹರಡಿ ಮೇಲ್ಮಣ್ಣಿಗೆ ಬೆರೆಸದಿದ್ದರೆ ಖರ್ಚಿಗೆ ತಕ್ಕ ಫಲವಿಲ್ಲ.

ಇನ್ನು, ಯಾವ ಸುಣ್ಣ ಎಂದು ಕೇಳದೆ ಮರಕ್ಕಿಷ್ಟು ಎಂದು ಲೆಕ್ಕ ಹೇಳುವುದು ನನಗೆ ಒಪ್ಪಿತವಲ್ಲ. 100 ಕಿಲೋ ಶುದ್ಧ ಸುಣ್ಣಕಲ್ಲಿನ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ, 56 ಕಿಲೋ ಸುಟ್ಟ ಸುಣ್ಣ ಮಾಡಬಲ್ಲದು. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ರಸಸಾರವನ್ನು ಏರಿಸುವುದಿಲ್ಲ. ಮಣ್ಣಿನ ಗುಣವೂ ಲೆಕ್ಕಕ್ಕೆ ಬರಬೇಕು. ಹುಳಿಯ ಬಹುಪಾಲು ಅಡಗಿರುವುದು ಜೇಡಿ ಮತ್ತು ಸಾವಯವ ಅಂಶದಲ್ಲಿ. ರಸಸಾರ ಒಂದೇ ಇದ್ದರೂ ಮರಳು ಮಣ್ಣಿಗೆ ಸಾಕಾದದ್ದು ಜೇಡಿಮಣ್ಣಿಗೆ ಸಾಲದು. ಮಿತಿ ಮೀರಿದರೆ ಸತು, ಬೋರಾನ್ ಗಿಡಕ್ಕೆ ಸಿಗದಂತಾಗುತ್ತವೆ. ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಆದರೂ ಒಂದೇ ದಿನದ ಆಳಿನಲ್ಲಿ ಎರಡನ್ನೂ ಮುಗಿಸುವ ಅವಸರ ನಮ್ಮಲ್ಲಿ ತಪ್ಪಿಲ್ಲ.

ಮಣ್ಣು ಪರೀಕ್ಷೆಗೆ ಕೊಟ್ಟಾಗ ರಸಸಾರದ ಅಂಕಿಯೊಂದನ್ನೇ ನೋಡಿ ಮರಳಬೇಡಿ. ಎಕರೆಗೆ ಎಷ್ಟು ಸುಣ್ಣ ಬೇಕೆಂದು ಅಲ್ಲೇ ಕೇಳಿ ಬರೆಸಿಕೊಳ್ಳಿ, ಆಮೇಲೆ ಚೀಲ ಕೊಳ್ಳಿ.